ಸ್ಪ್ಲಾಶ್: ಅಚ್ಚಿನ ತಪ್ಪಲ್ಲ, ಬೇರೆಯದೇ ಸದ್ದು

ಇಂಗ್ಲಿಷಿನ ಮಕ್ಕಳ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೀರಿ. ಆನೆಮರಿ ಕೊಳಕ್ಕೆ ಧುಮುಕುವ ಕಡೆ ‘ಸ್ಪ್ಲಾಶ್’ (splosh) ಎಂದಿದೆ, ಅದು ‘ಸ್ಪ್ಲ್ಯಾಶ್’ (splash) ಎಂಬುದರ ಅಚ್ಚಿನ ತಪ್ಪೇ, ‘ನೀರು ಚಿಮ್ಮಿತು’ ಎಂದರೆ ಸಾಲದೇ ಎಂದು ಕೇಳಿದ್ದೀರಿ.

ತಪ್ಪಲ್ಲ, ಎರಡೂ ಬೇರೆ ಪದಗಳು. ನಿಮಗೆ ಸಿಕ್ಕಿದ್ದರಲ್ಲಿ ಇರುವುದು ‘ಡಾಗ್’ ಎನ್ನುವಾಗ ತುಟಿ ದುಂಡಗಾಗುವ ಸ್ವರ. ಅರ್ಥದ ಅರ್ಧಭಾಗ ಆ ಸ್ವರದಲ್ಲೇ ಇದೆ. ಸ್ಪ್ಲ್ಯಾಶ್ ಎಂದರೆ ಸಿಡಿಯುವ ಹನಿಗಳು ಕಣ್ಣಿಗೆ ಕಟ್ಟುತ್ತವೆ. ಸ್ಪ್ಲಾಶ್ ಎಂದರೆ ಭಾರವಾದದ್ದೇನೋ ನೀರಿಗೆ ಬಿದ್ದ ದಪ್ಪ ಸದ್ದು ಕಿವಿಗೆ ಬೀಳುತ್ತದೆ. ‘ಸ್ಪ್ಲಿಶ್, ಸ್ಪ್ಲ್ಯಾಶ್, ಸ್ಪ್ಲಾಶ್’ ಎಂಬ ಸಾಲು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಬರುತ್ತದೆ. ‘ಟಿಕ್‌ಟಾಕ್’, ‘ಡಿಂಗ್‌ಡಾಂಗ್’ಗಳಲ್ಲೂ ಹಾಗೆಯೇ, ‘ಇ’ಕಾರ ಮೊದಲು, ಬಾಯಿ ತೆರೆಯುವ ಸ್ವರ ಆಮೇಲೆ.

ಹಳೆಯ ಇಂಗ್ಲಿಷಿನಲ್ಲಿ ನೀರು ನಿಂತ ಗುಂಡಿಗೆ ‘ಪ್ಲ್ಯಾಶ್’ ಎಂಬ ಹೆಸರಿತ್ತು. ಮುಂದೆ ಅದು ನೀರೆರಚುವ ಕ್ರಿಯೆಗೂ ಸಂದು, 18ನೆಯ ಶತಮಾನದ ಆರಂಭದಲ್ಲಿ ಮೊದಲಿಗೆ ‘ಸ್’ ಸೇರಿಸಿಕೊಂಡು ಸ್ಪ್ಲ್ಯಾಶ್ ಆಯಿತು. ಸ್ಪ್ಲಾಶ್ ಬಂದದ್ದು 19ನೆಯ ಶತಮಾನದ ನಡುವಿನಲ್ಲಿ, ಸದ್ದನ್ನೇ ಅನುಕರಿಸಿ. ನಮ್ಮ ವ್ಯಾಕರಣದ ಅನುಕರಣಾವ್ಯಯಗಳ ಜಾತಿ ಇದು. ಆದರೆ ಇಂಗ್ಲಿಷಿನಲ್ಲಿ ಇದೇ ನಾಮಪದ, ಇದೇ ಕ್ರಿಯಾಪದ. ಕನ್ನಡದಲ್ಲಿ ಸದ್ದೊಂದು, ಕ್ರಿಯೆಯೊಂದು, ಎರಡೂ ಬೇಕು: ಬಿದ್ದರೆ ‘ದುಡುಮ್ಮನೆ ಬಿತ್ತು’, ಕೆಸರುನೀರಲ್ಲಿ ನಡೆದರೆ ‘ಪಚಪಚ ತುಳಿಯಿತು’, ಅಳತೆಯಿಲ್ಲದೆ ಹೊಯ್ದರೆ ‘ದಬದಬ ಸುರಿಯಿತು’. ‘ಚಿಮ್ಮಿತು’ ಎಂದಷ್ಟೇ ಬರೆದರೆ ನೀರು ಕಂಡೀತು, ಮರಿಯ ತೂಕ ಕೇಳಿಸದು. ‘ದುಡುಮ್’ ಬಿಡಬೇಡಿ.

ಬ್ರಿಟನ್ನಿನ ಹಳೆಯ ಆಡುಮಾತಿನಲ್ಲಿ ಸ್ಪ್ಲಾಶ್ ಎಂದರೆ ದುಡ್ಡು ಎಂದೂ ಅರ್ಥವಿತ್ತು; ಈಗ ಅದು ಹಳತಾಗಿದೆ. ಕೈಬಿಚ್ಚಿ ಖರ್ಚು ಮಾಡುವುದಕ್ಕೆ ಇಂದಿಗೂ ಬಳಕೆಯಲ್ಲಿರುವುದು ‘ಸ್ಪ್ಲ್ಯಾಶ್ ಔಟ್’.

ಅನುವಾದಕರು ನಿಜಕ್ಕೂ ಎಡವುವುದು ‘ಸ್ಲಾಶ್’ (slosh) ಎಂಬಲ್ಲಿ. ‘ಪ’ಕಾರವೊಂದು ಬಿದ್ದುಹೋದರೆ ಪದವೇ ಬೇರೆ. ಅದು ‘ಸ್ಲಶ್’ (slush) ಎಂಬ ಪದದ ರೂಪಾಂತರ; ಪಾತ್ರೆಯೊಳಗಿನ ನೀರು ಅತ್ತಿತ್ತ ಹೊಯ್ದಾಡುವುದು ಅದರ ಅರ್ಥ. ಅದರಿಂದಲೇ ಬಂದ ‘ಸ್ಲಾಶ್ಡ್’ ಎಂದರೆ ಆಡುಮಾತಿನಲ್ಲಿ ಕುಡಿದು ಮತ್ತೇರಿದವನು. ಕಥೆಯ ಮುಂದಿನ ಪುಟಗಳಲ್ಲಿ ಸ್ಲಾಶ್ ಸಿಕ್ಕರೆ ಅನುಕರಣಾವ್ಯಯ ಹುಡುಕಬೇಕಿಲ್ಲ, ಅರ್ಧ ತುಂಬಿದ ಕೊಡ ಏನು ಮಾಡುತ್ತದೋ ಅದನ್ನೇ ಬರೆಯಿರಿ: ತುಳುಕಿತು.