ಬಣ್ಣದ ಡಬ್ಬಿ ತೆರೆಯುವ ಮುನ್ನ: ಬಾಗಿಲು, ಕಿಟಕಿ ಕುರಿತು ಓದುಗರ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳ ಚಿಂತೆ ಒಂದೇ: ಮನೆ ಹಳೆಯದು, ಕೈಯಲ್ಲಿ ಹಣ ಕಡಿಮೆ, ಬಾಗಿಲು ಕಿಟಕಿಗೆ ಕಳೆ ಬರಬೇಕು. ಎಲ್ಲರಿಗೂ ಮೊದಲು ಹೇಳಬೇಕಾದ ಮಾತೊಂದಿದೆ. ದುಡ್ಡನ್ನು ಮೇಲಿನ ಬಣ್ಣಕ್ಕೆ ಸುರಿಯಬೇಡಿ, ಅಡಿಯ ತಯಾರಿಗೆ ಹಾಕಿ. ಇನ್ನು ಕಾಲದ ಮಾತು. ನಮ್ಮ ಭಾಗದಲ್ಲಿ ದೀಪಾವಳಿಯಿಂದ ಶಿವರಾತ್ರಿವರೆಗಿನ ದಿನಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂಥವು. ಮರ ಮಳೆಗಾಲದ ತೇವ ಬಿಟ್ಟಿರುತ್ತದೆ, ಬಿಸಿಲು ಇನ್ನೂ ಕೆರಳಿರುವುದಿಲ್ಲ.

ಪ್ರಶ್ನೆ: ನಮ್ಮ ತಲಬಾಗಿಲು ಸಾಗವಾನಿಯದು, ಪಡುವಣಕ್ಕೆ ಮುಖ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೇಂಟ್ ಹಚ್ಚಿಸ್ತೀವಿ, ಬೇಸಿಗಿ ಬಂದ್ರ ಹಪ್ಪಳದಂಗ ಏಳತದ. ಹೊಸಾ ಬಾಗಿಲು ಮಾಡಸೋದೇ ಗತಿಯೇನು? — ಬ್ರಹ್ಮಪುರ, ಕಲಬುರಗಿ

ಉತ್ತರ: ಸಾಗವಾನಿ ಬಾಗಿಲನ್ನು ದಯವಿಟ್ಟು ತೆಗೆಸಬೇಡಿ. ಇವತ್ತಿನ ಫ್ಲಶ್ ಡೋರ್ ಯಾವುದೂ ಅದರ ಬಾಳಿಕೆಗೆ ಸಮನಾಗದು. ಕೆಟ್ಟಿರುವುದು ಮರವಲ್ಲ, ಮೇಲಿನ ಪದರಗಳು. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸಂಜೆ ಬಿಸಿಲು ನೇರ ಬಡಿಯುವ ಬಾಗಿಲಿನ ಮೈ, ಅದರಲ್ಲೂ ಗಾಢ ಬಣ್ಣದ್ದಾದರೆ, ಅದಕ್ಕಿಂತಲೂ ಬಹಳ ಹೆಚ್ಚು ಕಾಯುತ್ತದೆ. ಮರ ಒಣಗಿ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ. ಏಳೆಂಟು ಸಲ ಹಚ್ಚಿ ದಪ್ಪಗಾದ ಬಣ್ಣಕ್ಕೆ ಹಾಗೆ ಹಿಗ್ಗಿ ಕುಗ್ಗಲು ಬರುವುದಿಲ್ಲ, ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ಆವಿಯಾಗಿ ಹೊರಬರುವಾಗ ಬಣ್ಣವನ್ನು ಎತ್ತುತ್ತದೆ. ಇದರ ಮೇಲೆ ಇನ್ನೊಂದು ಕೋಟು ಹಚ್ಚುವುದೆಂದರೆ ಹಪ್ಪಳದ ಮೇಲೆ ಹಪ್ಪಳ ಇಟ್ಟಂತೆ.

ಮೊದಲು ಪರೀಕ್ಷೆ ಮಾಡಿ. ಬ್ಲೇಡಿನಿಂದ ಬಣ್ಣದ ಮೇಲೆ ಗುಣಾಕಾರದ ಗುರುತು ಗೀರಿ, ಪ್ಯಾಕಿಂಗ್ ಟೇಪು ಒತ್ತಿ ಝಟ್ಟನೆ ಕೀಳಿ. ನಾಲ್ಕೈದು ಕಡೆ ಹೀಗೆ ಮಾಡಿದಾಗ ಒಂದೆರಡು ಕಡೆ ಮಾತ್ರ ಬಣ್ಣ ಎದ್ದರೆ ಅಷ್ಟನ್ನು ಕೆರೆದು ಉಜ್ಜಿದರೆ ಸಾಕು. ಎಲ್ಲ ಕಡೆ ಎದ್ದರೆ ಮರದವರೆಗೂ ತೆಗೆಯಲೇಬೇಕು. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಸುಕ್ಕುಗಟ್ಟಿದ ಮೇಲೆ ಅಗಲ ಕರಣೆಯಿಂದ ಮರದ ಎಳೆಯ ಗುಂಟ ಕೆರೆಯಿರಿ. ರಬ್ಬರ್ ಕೈಗವಸು ಬೇಕು, ಕೆಲಸ ಬಯಲಲ್ಲಿ ನಡೆಯಬೇಕು. ಸ್ಟೋವಿನ ಜ್ವಾಲೆ ಹಿಡಿದು ಸುಡುವವರಿದ್ದಾರೆ, ಅದಕ್ಕೆ ಒಪ್ಪಬೇಡಿ. ಮರ ಕರಕಲಾಗುತ್ತದೆ, ಹೊಗೆಯೂ ವಿಷ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಕೂಡದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ನಿಮ್ಮ ಬಾಗಿಲಿನ ಹಳೆ ಪದರಗಳಲ್ಲಿ ಸೀಸ ಇರಬಹುದು. ಆದ್ದರಿಂದ ಒಣ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ವಾಟರ್ ಪೇಪರಿನಿಂದ ಉಜ್ಜಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ಬಿಸಾಕಿ. ಕೂಸುಗಳು, ಬಸುರಿಯರು ಈ ಕೆಲಸ ನಡೆಯುವಷ್ಟು ದಿನ ಬೇರೆ ಕಡೆ ಇದ್ದರೆ ಒಳ್ಳೆಯದು. ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಬಣ್ಣ ಬೇಗ ಬಿಡುತ್ತದೆ ನಿಜ, ಆದರೆ ಸಾಗವಾನಿ ಕಪ್ಪಿಡುತ್ತದೆ.

ಬರಿ ಮರ ಕಂಡ ಮೇಲೆ ಎರಡು ದಿನ ಒಣಗಲು ಬಿಟ್ಟು 80, 120, 180 ನಂಬರಿನ ಸ್ಯಾಂಡ್ ಪೇಪರ್ ಇದೇ ಕ್ರಮದಲ್ಲಿ, ಎಳೆಯ ಗುಂಟವೇ ಉಜ್ಜಿ. ಅಡ್ಡ ಉಜ್ಜಿದ ಗೀರು ಎಣ್ಣೆ ಹಚ್ಚಿದೊಡನೆ ಎದ್ದು ಕಾಣುತ್ತದೆ.

ಇಷ್ಟು ಶ್ರಮಪಟ್ಟ ಮೇಲೆ ಮತ್ತೆ ಬಣ್ಣ ಬಳಿಯದೆ ಅಗಸೆ ಎಣ್ಣೆಯನ್ನೇ ಕುಡಿಸಿ ಎನ್ನುತ್ತೇವೆ. ಎಣ್ಣೆ ಪೊರೆ ಕಟ್ಟುವುದಿಲ್ಲ, ಹೀಗಾಗಿ ಹಪ್ಪಳ ಏಳುವ ಮಾತೇ ಇಲ್ಲ. ಆದರೆ ಗಾಣದ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಪೇಂಟ್ ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್’ ಎಂದು ಕೇಳಿ ತನ್ನಿ, ಅದಕ್ಕೆ ಒಂದು ದಿನ ಸಾಕು. ಶೇಂಗಾ ಎಣ್ಣೆ ಒಣಗುವುದೇ ಇಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಬಾಗಿಲಿನ ಎರಡೂ ಮೈ, ಜೊತೆಗೆ ಚೌಕಟ್ಟು ಸೇರಿ ಮೂರು ಕೋಟು ಹಚ್ಚಲು ಒಂದು ಲೀಟರ್ ಎಣ್ಣೆ, ಕಾಲು ಲೀಟರ್ ಟರ್ಪಂಟೈನ್ ಇಟ್ಟುಕೊಳ್ಳಿ. ಮೊದಲ ಕೋಟು ಹಚ್ಚುವಾಗ ಎರಡನ್ನೂ ಸಮಸಮ ಬೆರೆಸಿ, ಉಳಿದ ಎರಡಕ್ಕೆ ಬರಿ ಎಣ್ಣೆ. ಹಚ್ಚಿ 20 ನಿಮಿಷದ ಮೇಲೆ ಮರ ಕುಡಿಯದೆ ಉಳಿದ ಎಣ್ಣೆಯನ್ನು ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಅದೇ ಅಂಟಾಗುತ್ತದೆ. ಒರೆಸಿದ ಅರಿವೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಅರಿವೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅವನ್ನು ನೀರಲ್ಲಿ ನೆನೆಸಿಡಿ, ಇಲ್ಲವೇ ಬಿಡಿಬಿಡಿಯಾಗಿ ಬಯಲಲ್ಲಿ ಹರವಿ. ವರ್ಷಕ್ಕೊಮ್ಮೆ, ಮಿರಗ (ಮೃಗಶಿರ) ಮಳೆಗೆ ಮುನ್ನ, ಒಂದು ತೆಳು ಕೋಟು ಒರೆಸಿದರೆ ಸಾಕು.

ಬಣ್ಣವೇ ಬೇಕೆನ್ನುವವರು ತಿಳಿ ಬಣ್ಣ ಆರಿಸಿ. ಒಂದು ಕೋಟು ವುಡ್ ಪ್ರೈಮರ್, ಮೇಲೆ ಎರಡು ತೆಳು ಕೋಟು ಎನಾಮೆಲ್. ಇಂಥ ಬಾಗಿಲಿಗೆ ಒಂದು ಲೀಟರ್ ಎನಾಮೆಲ್ ಹಿಡಿಯುತ್ತದೆ. ಪಡುವಣ ಬಾಗಿಲಿಗೆ ಬೆಳಿಗ್ಗೆ 8ಕ್ಕೆ ಕೈಹಾಕಿ 10ರೊಳಗೆ ಮುಗಿಸಿದರೆ ಬಿಸಿಲು ಬರುವಷ್ಟರಲ್ಲಿ ಮೇಲ್ಮೈ ಆರಿರುತ್ತದೆ. ಕಾದ ಮರಕ್ಕೆ ಹಚ್ಚಿದರೆ ಮೇಲಿನ ಪೊರೆ ಮೊದಲೇ ಒಣಗಿ, ಒಳಗೆ ಸಿಕ್ಕಿಕೊಂಡ ಥಿನ್ನರ್ ಗುಳ್ಳೆ ಎಬ್ಬಿಸುತ್ತದೆ. ಇನ್ನು, ಎಣ್ಣೆಯಾಗಲಿ ಬಣ್ಣವಾಗಲಿ, ಬಾಗಿಲಿನ ತಲೆ ಮತ್ತು ಪಾದದ ಅಂಚುಗಳಿಗೆ ತಪ್ಪದೆ ಹಚ್ಚಿ. ಯಾರ ಕಣ್ಣಿಗೂ ಬೀಳದ ಆ ಎರಡು ಅಂಚುಗಳಲ್ಲೇ ಮರ ಅತಿ ಹೆಚ್ಚು ನೀರು ಹೀರುತ್ತದೆ.

ಪ್ರಶ್ನೆ: ಆರು ಕಬ್ಬಿಣದ ಕಿಡಕಿಗಳು, ಗ್ರಿಲ್ ಸಮೇತ. ಕೆಳಗಿನ ಪಟ್ಟಿ ತುಕ್ಕು ಹಿಡಿದದ, ಗಾಜು ಗಡಗಡ ಅಂತಾವ. — ಭಾಲ್ಕಿ

ಉತ್ತರ: ಗಾಜು ಅಲುಗುತ್ತದೆಂದರೆ ಪುಟ್ಟಿ ಒಣಗಿ ಉದುರಿದೆ. ಆ ಸಂದಿನಲ್ಲಿ ಇಳಿದ ಮಳೆನೀರು ಕೆಳಪಟ್ಟಿಯಲ್ಲಿ ನಿಂತು ತುಕ್ಕು ತಂದಿದೆ. ಎರಡನ್ನೂ ಒಟ್ಟಿಗೇ ಸರಿಪಡಿಸಬೇಕು. ಹಳೆ ಪುಟ್ಟಿ ಕೆರೆದು ಗಾಜು ತೆಗೆಯಿರಿ. ತಂತಿಬ್ರಷ್, ಆಮೇಲೆ 80 ನಂಬರಿನ ಎಮರಿ ಪೇಪರ್ ಹಾಕಿ ಸಡಿಲ ತುಕ್ಕೆಲ್ಲ ಹೋಗುವತನಕ ಉಜ್ಜಿ, ಟರ್ಪಂಟೈನಿನಲ್ಲಿ ಒರೆಸಿ. ಅದೇ ದಿನ ಪ್ರೈಮರ್ ಬೀಳಬೇಕು. ರಾತ್ರಿಯ ಇಬ್ಬನಿಗೆ ಬಿಟ್ಟರೆ ಬೆಳಿಗ್ಗೆಗೆ ಹೊಸ ತುಕ್ಕು ಕೂತಿರುತ್ತದೆ. ಅಂಗಡಿಯಲ್ಲಿ ಕೆಂಪು ರೆಡ್ ಆಕ್ಸೈಡ್ ಕೊಡುತ್ತಾರೆ. ಜಿಂಕ್ ಫಾಸ್ಫೇಟ್ ಪ್ರೈಮರ್ ಸಿಕ್ಕರೆ ಅದು ಮೇಲು. ಜಿಂಕ್ ಕ್ರೋಮೇಟ್ ಬೆರೆತದ್ದನ್ನು ಮನೆಯೊಳಗೆ ಉಜ್ಜುವುದು ಆರೋಗ್ಯಕ್ಕೆ ಕೆಟ್ಟದ್ದು.

ಪುಟ್ಟಿಯನ್ನು ಮನೆಯಲ್ಲೇ ನಾದಬಹುದು: ತೂಕದಲ್ಲಿ ನಾಲ್ಕರಿಂದ ಐದು ಪಾಲು ಚಾಕ್ ಪೌಡರ್, ಒಂದು ಪಾಲು ಅಗಸೆ ಎಣ್ಣೆ. ರೊಟ್ಟಿ ಹಿಟ್ಟಿನ ಹದ ಬರಲಿ, ಕೈಗೆ ಅಂಟಬಾರದು. ಪ್ರೈಮರ್ ಒಣಗಿದ ಮೇಲೆ ಪುಟ್ಟಿಯ ತೆಳು ಹಾಸಿಗೆ ಹಾಕಿ ಗಾಜು ಒತ್ತಿ, ಹೊರಗಿನಿಂದ ಇಳಿಜಾರಾಗಿ ತೀಡಿ. ಒಂದು ವಾರ ಬಿಟ್ಟು, ಮೇಲ್ಪೊರೆ ಗಟ್ಟಿಯಾದ ಮೇಲೆ ಬಣ್ಣ. ಹಚ್ಚುವಾಗ ಬ್ರಷ್ಷು ಗಾಜಿನ ಮೇಲೆ 2 ಮಿಲಿಮೀಟರ್ ಏರಿರಲಿ. ಪುಟ್ಟಿ, ಗಾಜು ಕೂಡುವ ಗೆರೆಯನ್ನು ಮುಚ್ಚುವುದು ಆ ಏರಿದ ಬಣ್ಣವೇ. ‘ಗಾಜಿಗೆ ಬಣ್ಣ ತಾಗಿತು’ ಎಂದು ಅದನ್ನು ಬ್ಲೇಡಿನಿಂದ ಕೆರೆದು ಚೊಕ್ಕ ಮಾಡಿದರೆ ಮತ್ತೆ ನೀರಿಗೆ ದಾರಿ ಕೊಟ್ಟಂತೆ. ನಾಲ್ಕು ಅಡಿ ಚೌಕದ ಆರು ಕಿಟಕಿಗಳಿಗೆ ಒಂದು ಲೀಟರ್ ಪ್ರೈಮರ್, ಎರಡು ಲೀಟರ್ ಎನಾಮೆಲ್ ತನ್ನಿ.

ಪ್ರಶ್ನೆ: ಕಿಡಕಿ ಚೌಕಟ್ಟು, ಕಟ್ಟೆ ಎಲ್ಲಾ ಶಹಾಬಾದ ಕಲ್ಲಿಂದು. ಯಾರೋ ಹಚ್ಚಿದ ಬಣ್ಣ ಕಿತ್ತು ಬರಲಿಕ್ಕತ್ತದ. ಆ್ಯಸಿಡ್ ಹಾಕಿ ತೊಳೀಬೇಕಂತ ಮಾಡೀವಿ. — ಚಿತ್ತಾಪುರ

ಉತ್ತರ: ಆ್ಯಸಿಡ್ ಬೇಡ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಸಂಡಾಸು ತೊಳೆಯುವ ಆ್ಯಸಿಡ್ ಬಿದ್ದರೆ ಬುರುಬುರು ನೊರೆ ಬಂದು ಕಲ್ಲೇ ಕರಗುತ್ತದೆ, ನುಣುಪು ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ, ಅದು ಮತ್ತೆ ಸರಿಹೋಗದು. ನಿಂಬೆರಸ, ವಿನೆಗರ್ ಕೂಡ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ಬಣ್ಣ ಕಿತ್ತುಬರುವುದಕ್ಕೆ ಕಾರಣ ಗೋಡೆಯ ತೇವ. ಅದು ಉಪ್ಪಿನಂಶವನ್ನು ಹೊತ್ತು ಕಲ್ಲಿನ ಹಿಂದಿನಿಂದ ಬರುತ್ತದೆ, ಪೊರೆ ಅಡ್ಡವಾದರೆ ಅದನ್ನೇ ತಳ್ಳುತ್ತದೆ.

ಪೇಂಟ್ ರಿಮೂವರ್ ಹಚ್ಚಿ ಪ್ಲಾಸ್ಟಿಕ್ ಅಥವಾ ಕಟ್ಟಿಗೆಯ ಕರಣೆಯಿಂದ ತೆಗೆಯಿರಿ, ಕಬ್ಬಿಣದ್ದು ಗೀರು ಬಿಡುತ್ತದೆ. ಸೋಪಿನ ನೀರು, ನೈಲಾನ್ ಬ್ರಷ್ ಹಾಕಿ ತೊಳೆದು ಕಲ್ಲನ್ನು ಬರಿದಾಗಿಯೇ ಬಿಡಿ. ಅದರ ಬೂದು ನೀಲಿ ನಮ್ಮ ನಾಡಿನ ಸ್ವಂತ ಬಣ್ಣ, ಮುಚ್ಚಿಡುವಂಥದ್ದಲ್ಲ. ಅಂದ ಬೇಕಾದರೆ ಕಲ್ಲಿಗಲ್ಲ, ಅದರ ಸುತ್ತಲಿನ ಗೋಡೆಗೆ ನಾಲ್ಕು ಬೆರಳಗಲ ಬಿಳಿ ಸುಣ್ಣದ ಪಟ್ಟಿ ಎಳೆಯಿರಿ. ಅರಳಿಸಿ ಸೋಸಿದ ಸುಣ್ಣದ ಗಸಿ ಒಂದು ಪಾಲಿಗೆ ಎರಡರಿಂದ ಮೂರು ಪಾಲು ನೀರು, ಹಾಲಿನ ಹದ. ಗೋಡೆಗೆ ನೀರು ಚಿಮುಕಿಸಿ ಮೂರು ತೆಳು ಕೋಟು, ದಿನಕ್ಕೊಂದು. ಹಚ್ಚುವಾಗ ನೀರಿನಂತೆ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಹಾಗಾಗಿ ಗಾಬರಿಬಿದ್ದು ದಪ್ಪಗೆ ಬಳಿಯಬೇಡಿ, ದಪ್ಪ ಸುಣ್ಣ ಪುಡಿಯಾಗಿ ಉದುರುತ್ತದೆ. ಪ್ಲಾಸ್ಟಿಕ್ ಎಮಲ್ಶನ್ ಹಚ್ಚಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಅಲ್ಲಿ ಬಿಳಿ ಎಮಲ್ಶನ್ನೇ ಸರಿ. ಸುಣ್ಣ ಅರಳಿಸುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು.

ಪ್ರಶ್ನೆ: ಎರೆ ಭೂಮಿ ಮ್ಯಾಲ ಮನಿ. ಮಳಿಗಾಲದಾಗ ಬಾಗಿಲು ಹಾಕಲಿಕ್ಕೆ ಬರಂಗಿಲ್ಲ, ಬಡಿಗರು ವರ್ಷಾ ರಂದಾ ಹೊಡೀತಾರ. ಬ್ಯಾಸಿಗ್ಯಾಗ ಬೆರಳು ತೂರುವಷ್ಟು ಸಂದು. — ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಇಲ್ಲಿ ಎರಡು ಬೇರೆ ಬೇರೆ ದೋಷ ಇರಬಹುದು. ಮರ ನೀರುಂಡು ಹಿಗ್ಗುವುದು ಒಂದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಗೋಡೆ, ಚೌಕಟ್ಟನ್ನೇ ಓರೆ ಮಾಡುವುದು ಇನ್ನೊಂದು. ಟೇಪಿನಿಂದ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚೌಕಟ್ಟು ಸರಿದಿದೆ. ಕಿಟಕಿಯ ಮೂಲೆಯಿಂದ ಗೋಡೆಯಲ್ಲಿ ಓರೆ ಬಿರುಕೂ ಇದ್ದರೆ ಅದರ ಎರಡು ತುದಿಗೆ ಪೆನ್ಸಿಲ್ ಗುರುತು, ತಾರೀಖು ಹಾಕಿ. ಬಿರುಕು ಬೆಳೆಯುತ್ತಲೇ ಹೋದರೆ ಬಣ್ಣದ ಮಾತು ಬಿಟ್ಟು ಎಂಜಿನಿಯರಿಗೆ ತೋರಿಸಿ.

ಕರ್ಣ ಸಮವಿದ್ದರೆ ಬಿಜಾಗರಿ ನೋಡಿ. ಚಿಲಕದ ಕಡೆಯ ಕೆಳಮೂಲೆ ನೆಲಕ್ಕೆ ಉಜ್ಜುತ್ತಿದ್ದರೆ ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲಾಗಿದೆ ಎಂದೇ ಅರ್ಥ. ತೂತು ಅಗಲವಾಗಿದ್ದರೆ ಬಿದಿರಿನ ಸೀಳಿಗೆ ಮರದ ಅಂಟು ಸವರಿ ಬಡಿದು, ಒಂದು ದಿನ ಬಿಟ್ಟು, ಸಣ್ಣ ತೂತು ಕೊರೆದು 40 ಮಿಲಿಮೀಟರ್ ಸ್ಕ್ರೂ ಹಾಕಿ. ಆದರೂ ತಾಗಿದರೆ ಕೆಳಗಿನ ಬಿಜಾಗರಿಯ ಹಿಂದೆ ರಟ್ಟಿನ ತುಂಡು ಕೊಡಿ, ಚಿಲಕದ ಕಡೆ ಮೇಲೇಳುತ್ತದೆ. ಎಷ್ಟೋ ಬಾಗಿಲು ಇಷ್ಟಕ್ಕೇ ಸರಿಹೋಗುತ್ತವೆ, ರಂದಾ ಬೇಕಾಗುವುದಿಲ್ಲ.

ರಂದಾ ಹೊಡೆಯಲೇಬೇಕಿದ್ದರೆ ಬಾಗಿಲು, ಚೌಕಟ್ಟಿನ ನಡುವೆ ಕಾರ್ಬನ್ ಪೇಪರ್ ಇಟ್ಟು ಮುಚ್ಚಿ, ಮಸಿ ಹತ್ತಿದ ಜಾಗ ಮಾತ್ರ ಕೀಸಿರಿ. ಕೀಸಿದ ಅಂಚಿಗೆ ಅದೇ ದಿನ ಪ್ರೈಮರ್ ಅಥವಾ ಎಣ್ಣೆ ಕುಡಿಸಬೇಕು. ನಿಮ್ಮಲ್ಲಿ ವರ್ಷವರ್ಷವೂ ಬಡಿಗರು ಬರುವುದಕ್ಕೆ ಕಾರಣ ಬಹುಶಃ ಇದೇ: ಕೀಸಿ ಬರಿದಾಗಿ ಬಿಟ್ಟ ಅಂಚು ಮುಂದಿನ ಮಳೆಗೆ ಇನ್ನೂ ಹೆಚ್ಚು ನೀರು ಹೀರುತ್ತದೆ. ಈಗಾಗಲೇ ಆಗಿರುವ ಸಂದಿಗೆ ಮರದ ಪಟ್ಟಿ ಅಂಟಿಸಿ ಮೊಳೆ ಹೊಡೆಸಿ. ಆ ಕೆಲಸವನ್ನು ಚಳಿಗಾಲದಲ್ಲಿ ಮಾಡಿಸಿ, ಬೇಸಿಗೆಯ ಸಂದು ಅಳೆದು ಹಾಕಿದ ಪಟ್ಟಿ ಮಳೆಗಾಲಕ್ಕೆ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಗಾಜಿಗೆ ಕಪ್ಪು ಫಿಲ್ಮ್ ಹಚ್ಚಿದರ ಮನಿ ತಂಪಾಗತದೇನು? ಬೋರಿನ ನೀರಿನ ಬಿಳಿ ಕಲೆ ಹೋಗೋದು ಹ್ಯಾಂಗ? — ಸೇಡಂ

ಉತ್ತರ: ಗಾಜಿನ ಒಳಮೈಗೆ ಕಡುಗಪ್ಪು ಫಿಲ್ಮ್ ಬೇಡ. ಅದು ಬಿಸಿಲನ್ನು ಹೀರಿ ಗಾಜನ್ನೇ ಕಾಯಿಸುತ್ತದೆ. ನಡುಭಾಗ ಕಾದು, ಚೌಕಟ್ಟಿನೊಳಗಿನ ಅಂಚು ತಣ್ಣಗಿದ್ದರೆ ಸಾದಾ ಗಾಜು ಸೀಳಬಹುದು. ಬಿಸಿಲನ್ನು ಹೊರಗೇ ತಡೆಯಿರಿ: ಬಿದಿರಿನ ಚಿಕ್ಕು, ವಾಳದ (ಲಾವಂಚದ) ತಟ್ಟಿ, ಇಲ್ಲವೇ ನರ್ಸರಿಯ ನೆರಳು ಬಲೆ, ಗಾಜಿನಿಂದ ಒಂದು ಗೇಣು ದೂರದಲ್ಲಿ. ನಡುವೆ ಗಾಳಿ ಆಡಬೇಕು. ಮರೆ ಮಾತ್ರ ಬೇಕಿದ್ದರೆ ಹಾಲುಬಣ್ಣದ ಫಿಲ್ಮ್ ಸಾಕು. ಗಾಜಿಗೆ ಶಾಂಪೂ ಬೆರೆಸಿದ ನೀರು ಧಾರಾಳವಾಗಿ ಸಿಂಪಡಿಸಿ, ಫಿಲ್ಮ್ ಕೂರಿಸಿ, ನಡುವಿನಿಂದ ಅಂಚಿಗೆ ನೀರು ತಳ್ಳಿ. ಧೂಳಿನ ಒಂದು ಕಣ ಉಳಿದರೂ ಗುಳ್ಳೆಯಾಗುತ್ತದೆ.

ಬಿಳಿ ಕಲೆಗೆ ವಿನೆಗರ್, ನೀರು ಸಮಸಮ ಬೆರೆಸಿ ಅರಿವೆ ನೆನೆಸಿ ಹತ್ತು ನಿಮಿಷ ಹೊದಿಸಿಡಿ. ಸೇಡಂ ಮನೆಗಳಲ್ಲಿ ಕಿಟಕಿ ಕಟ್ಟೆ ಹೆಚ್ಚಾಗಿ ಸುಣ್ಣದ ಕಲ್ಲಿನದೇ. ಹನಿ ಅದರ ಮೇಲೆ ಬೀಳದಂತೆ ಪ್ಲಾಸ್ಟಿಕ್ ಹಾಸಿಕೊಳ್ಳಿ. ಹಲವು ವರ್ಷದ ಕಲೆ ಗಾಜನ್ನೇ ತಿಂದಿದ್ದರೆ ಅದು ಹೋಗದು.

ಪ್ರಶ್ನೆ: ಅಜ್ಜನ ಕಾಲದ ಕೆತ್ತನಿ ಬಾಗಿಲು. ಬಣ್ಣದಾಗ ಹೂಬಳ್ಳಿ ಮುಚ್ಚಿಹೋಗ್ಯಾವ. — ಬೀದರ್

ಉತ್ತರ: ನಿಮ್ಮೂರ ಕೋಟೆಯ ರಂಗೀನ್ ಮಹಲಿನ ಮರದ ಕಂಬಗಳನ್ನು ಒಮ್ಮೆ ಹತ್ತಿರದಿಂದ ನೋಡಿ ಬನ್ನಿ. ಕೆತ್ತನೆಯ ಚೆಲುವು ಅದರ ಅಂಚಿನ ಹರಿತದಲ್ಲಿದೆ, ನೆರಳು ಬೀಳುವ ಆಳದಲ್ಲಿದೆ. ಬಣ್ಣ ತುಂಬಿ ಮುಚ್ಚುವುದು ಅದನ್ನೇ. ಇಲ್ಲಿ ಮಷೀನು, ಒರಟು ಪೇಪರ್ ಎರಡೂ ಬೇಡ. ಜೆಲ್ ರೂಪದ ರಿಮೂವರ್ ಹಚ್ಚಿ, ಮೆತ್ತಗಾದ ಬಣ್ಣವನ್ನು ಹಳೆ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿಯಿಂದ ತೆಗೆಯಿರಿ. ದಿನಕ್ಕೆ ಒಂದು ಚದರ ಅಡಿ ಆದರೂ ಸಾಕು. ಕೊನೆಗೆ ಅಗಸೆ ಎಣ್ಣೆ, ಅದೂ ತೀರ ತೆಳ್ಳಗೆ. ಮೂಲೆಯಲ್ಲಿ ನಿಂತ ಎಣ್ಣೆಯನ್ನು ಒಣ ಬ್ರಷ್ಷಿನಿಂದ ಎತ್ತಿ.

ಪ್ರಶ್ನೆ: ಬಚ್ಚಲದ ಫ್ಲಶ್ ಡೋರ್ ಕೆಳಗ ಪದರು ಬಿಟ್ಟದ. — ಹುಮನಾಬಾದ್

ಉತ್ತರ: ಬಾಗಿಲು ಕಳಚಿ ಮೂರ್ನಾಲ್ಕು ದಿನ ನೆರಳಲ್ಲಿ ಒಣಗಿಸಿ. ಪದರಿನ ನಡುವೆ ನೀರು ತಡೆಯುವ ಮರದ ಅಂಟು ತುಂಬಿ, ಎರಡು ಹಲಗೆಯ ನಡುವೆ ಒಂದು ರಾತ್ರಿ ಬಿಗಿಯಿರಿ. ಕೆಳ ಅಂಚಿಗೆ ಎರಡು ಕೋಟು ಪ್ರೈಮರ್ ಹಚ್ಚಿ, ಒಳಮೈಗೆ ಒಂದು ಅಡಿ ಎತ್ತರದ ಅಲ್ಯೂಮಿನಿಯಂ ತಗಡು ಹೊಡೆಸಿ. ತಗಡಿನ ಮೇಲಂಚಿಗೆ ಸಿಲಿಕಾನ್ ಎಳೆಯಿರಿ. ಅದನ್ನು ಬಿಟ್ಟರೆ ನೀರು ತಗಡಿನ ಹಿಂದೆ ಇಳಿದು ಮೊದಲಿಗಿಂತ ಬೇಗ ಕೊಳೆಯುತ್ತದೆ. ಕೆಳಗಿನ ಅಂಚಿಗೂ ನೆಲಕ್ಕೂ ಒಂದು ಬೆರಳು ಸಂದು ಇರಲಿ.

ಪ್ರಶ್ನೆ: ಬಾಡಿಗಿ ಮನಿ, ಮಾಲೀಕರು ಬಣ್ಣಕ್ಕ ಒಪ್ಪಂಗಿಲ್ಲ. — ಕಲಬುರಗಿ

ಉತ್ತರ: ಹಾಗಾದರೆ ತೊಳೆಯಿರಿ. ಒಂದು ಬಕೀಟು ಬೆಚ್ಚಗಿನ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಸೋಪು ಸಾಕು. ಕೈ ತಾಗಿ ಕಪ್ಪಾದ ಚಿಲಕದ ಸುತ್ತಲಿನ ಜಾಗವನ್ನು ಎರಡು ಸಲ ಒರೆಸಿ, ಅಷ್ಟಕ್ಕೇ ಬಾಗಿಲಿನ ರೂಪ ಬದಲಾಗುವುದನ್ನು ಕಾಣುತ್ತೀರಿ. ಹಿಡಿಕೆ ಬದಲಿಸಬಹುದು. ಹಳೆಯದರ ಎರಡು ಸ್ಕ್ರೂಗಳ ನಡುವಿನ ಅಂತರ ಅಳೆದು ಅಷ್ಟೇ ಅಂತರದ್ದನ್ನು ತಂದರೆ ಹೊಸ ತೂತು ಬೇಕಿಲ್ಲ. ಹಳೆ ಹಿಡಿಕೆ, ಸ್ಕ್ರೂಗಳನ್ನು ಚೀಟಿ ಬರೆದು ಡಬ್ಬಿಯಲ್ಲಿಡಿ, ಮನೆ ಬಿಡುವಾಗ ಮತ್ತೆ ಕೂರಿಸಬೇಕು.