ಊರಿನ ಕೋಟಾ, ಜಾತಿಯ ಕೋಟಾ

ಮೀಸಲಾತಿಯಲ್ಲಿ ಸೀಟು ಪಡೆದವಳು ಎಂಬ ಹೀಯಾಳಿಕೆಯ ನೋವನ್ನು ಹೊತ್ತು ವರ್ಷಕ್ಕೆ ಇಬ್ಬರು ಮೂವರು ವಿದ್ಯಾರ್ಥಿನಿಯರಾದರೂ ರಾಯಚೂರಿನ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬರುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬಳ ವಿಷಯ ಬರೆಯುತ್ತಿದ್ದೇನೆ. ಮಾನ್ವಿ ಕಡೆಯ ಹುಡುಗಿ, ಪರಿಶಿಷ್ಟ ಪಂಗಡದವಳು, ಎಂಬಿಬಿಎಸ್ ಮೊದಲ ವರ್ಷ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಅಂಗರಚನಾಶಾಸ್ತ್ರದ ಕಿರುಪರೀಕ್ಷೆಯಲ್ಲಿ ಎರಡು ಸಲ ಫೇಲು.

ಮೂರನೆಯ ಭೇಟಿಯಲ್ಲಿ ಬ್ಯಾಗಿನಿಂದ ಸೀಟು ಹಂಚಿಕೆ ಪತ್ರ ತೆಗೆದಳು. ಪ್ರವರ್ಗದ ಸಾಲು ಒಳಗೆ ಅಡಗುವಂತೆ ಮಡಚಿ ಮಡಚಿ, ಆ ಗೆರೆಯಲ್ಲಿ ಕಾಗದ ಹರಿಯುವಂತಾಗಿತ್ತು. ಹಾಸ್ಟೆಲ್ ಸೇರಿದ ರಾತ್ರಿಯೇ ಪಕ್ಕದ ಮಂಚದವಳು ರ‍್ಯಾಂಕ್ ಕೇಳಿದಳಂತೆ. ಹೇಳಿದ್ದಕ್ಕೆ "ಓ, ಕೋಟಾ" ಎಂದು ಮಗ್ಗಲು ಬದಲಿಸಿದಳಂತೆ. ಅಂದಿನಿಂದ ಇವಳು ತರಗತಿಯಲ್ಲಿ ಒಂದು ಸಂದೇಹವನ್ನೂ ಕೇಳಿಲ್ಲ.

ಆ ಹುಡುಗಿ ಎಲ್ಲಿಯವಳು ಎಂದೆ. ಕೊಪ್ಪಳದವಳು. ನನಗೆ ಹುರುಪು ಬಂತು. ಸಂವಿಧಾನದ 2012ರ 98ನೇ ತಿದ್ದುಪಡಿ, ರಾಯಚೂರು, ಕೊಪ್ಪಳ ಸೇರಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ, ಈ ಭಾಗದ ಕಾಲೇಜುಗಳಲ್ಲಿ ಇಲ್ಲಿಯವರಿಗೇ ಶೇ. 70 ಸೀಟು, ಎಲ್ಲ ವಿವರಿಸಿ, "ನೋಡಮ್ಮ, ಅವಳೂ ಕೋಟಾದಲ್ಲೇ ಬಂದಿರಬಹುದು" ಎಂದು ಗೆದ್ದವಳಂತೆ ಕುಳಿತೆ.

"ಗೊತ್ತು ಮೇಡಂ. ಅದು ಊರಿನ ಕೋಟಾ. ಕೊಪ್ಪಳದವಳು ಎಂದರೆ ಯಾರೂ ಮಗ್ಗಲು ಬದಲಿಸುವುದಿಲ್ಲ."

ನನ್ನ ಕಾನೂನು ಪಾಠ ಅಲ್ಲಿಗೆ ಮುಗಿಯಿತು. ಒಂದು ಮೀಸಲಾತಿ ಹಕ್ಕು, ಇನ್ನೊಂದು ಭಿಕ್ಷೆ ಎನಿಸುವುದು ಏಕೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅದೇ ವಾದವನ್ನು ಎಷ್ಟು ಮಕ್ಕಳಿಗೆ ಒಪ್ಪಿಸಿದ್ದೇನೋ!

ಕೊನೆಗೆ ಕೊಟ್ಟ ಸಲಹೆ ಸಣ್ಣದು. ಜಾತಿಯನ್ನಾಗಲಿ ರ‍್ಯಾಂಕನ್ನಾಗಲಿ ಯಾರಿಗೂ ಹೇಳಬೇಕಿಲ್ಲ. ಆದರೆ ವಾರಕ್ಕೊಂದು ಸಂದೇಹವನ್ನು ಗಟ್ಟಿಯಾಗಿ ಕೇಳು. ಸೀಟಿಗೆ ಮೀಸಲಾತಿ ಇದೆ, ಪಾಸಿಗೆ ಇಲ್ಲ, ಅಲ್ಲಿ ಎಲ್ಲರಿಗೂ ಒಂದೇ ಅಂಕ. ಯಾರಾದರೂ ಮತ್ತೆ ಹೀಯಾಳಿಸಿದರೆ ದಿನಾಂಕದೊಂದಿಗೆ ಬರೆದಿಡು, ದೂರು ಕೊಡುವುದಾದರೆ ನಾನೂ ಬರುತ್ತೇನೆ.

ಅಂದೇ ದೂರು ಕೊಡಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಮಗ್ಗಲು ಬದಲಿಸಿದ್ದನ್ನು ಯಾವ ಸಮಿತಿ ದಾಖಲಿಸಿಕೊಳ್ಳುತ್ತದೆ? ಈ ಹುಡುಗಿ ವರ್ಷವಿಡೀ ಮಲಗಬೇಕಾದದ್ದೂ ಅದೇ ಕೋಣೆಯಲ್ಲಿ. ಸೀಟು ಸಿಕ್ಕಿತಲ್ಲ, ಇನ್ನೇನು ಕೊರತೆ ಎನ್ನುವ ತಂದೆತಾಯಂದಿರು ಫೋನಿನಲ್ಲಿ ಅಂಕದ ಜೊತೆಗೆ ರಾತ್ರಿ ಯಾರೊಡನೆ ಊಟ ಮಾಡಿದೆ ಎಂದೂ ಕೇಳಲಿ.

ತಿಂಗಳ ಮೇಲೆ ಬಂದಾಗ ನನ್ನ ನೋಟುಪುಸ್ತಕದಲ್ಲೇ ತೋಳಿನ ನರಜಾಲ ಬರೆದು ತೋರಿಸಿದಳು: ಐದು ಬೇರು, ಮೂರು ಕಾಂಡ. ಅದನ್ನು ಮೇಷ್ಟ್ರ ಹತ್ತಿರ ಎರಡು ಸಲ ಕೇಳಿದಳಂತೆ. ಎರಡನೆಯ ಸಲ ಪಕ್ಕದ ಮಂಚದವಳೂ ಬಗ್ಗಿ ಕೇಳಿಸಿಕೊಂಡಳಂತೆ. ಮಾತು ಮಾತ್ರ ಇನ್ನೂ ಇಲ್ಲ.