ಬ್ರೆಜಿಲ್‌ನ ಪಾಪ ನಾಯಕನಹಟ್ಟಿಯ ದನಕ್ಕೇಕೆ?

ಓದುಗರ ಪತ್ರ:

ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಚಳ್ಳಕೆರೆ ಸೀಮೆಯ ದನಗಾಹಿಗಳನ್ನು ಪುಟಗಟ್ಟಲೆ ಹೊಗಳಿದ್ದೀರಿ. ಅದನ್ನು ಓದಿದ ವಾರವೇ, ದನದ ಮಾಂಸಕ್ಕಾಗಿ ಅಮೆಜಾನ್ ಕಾಡನ್ನು ಸುಡುತ್ತಿರುವ ಬಗ್ಗೆ ಒಂದು ಸಾಕ್ಷ್ಯಚಿತ್ರ ನೋಡಿದೆ. ನಾನು ಮಾಂಸ ತಿನ್ನುವವಳಲ್ಲ. ಭೂಮಿ ಬಿಸಿಯಾಗುತ್ತಿರುವಾಗ, ಪರಿಸರದ ಹೆಸರು ಹೇಳುವ ಪತ್ರಿಕೆಯೊಂದು ದನ ಮೇಯಿಸುವುದನ್ನು ವೈಭವೀಕರಿಸುವುದು ಸರಿಯೇ? ಗೋಮಾಳ, ಕಾವಲುಗಳಿಂದ (ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಿಂದ) ದನಗಳನ್ನು ಹೊರಹಾಕಿ ಅಲ್ಲಿ ಮರ ನೆಟ್ಟರೆ ಒಳ್ಳೆಯದಲ್ಲವೇ?
(ಹೆಸರು ಪ್ರಕಟಿಸಬೇಡಿ ಎಂದು ಕೋರಿದ್ದಾರೆ), ವಿಜಯನಗರ, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ಪತ್ರ ಸಿಟ್ಟಿನಿಂದ ಬರೆದದ್ದು. ಅದು ನನಗೆ ಇಷ್ಟವಾಯಿತು. ‘ಪತ್ರಿಕೆ ಉತ್ತಮವಾಗಿ ಮೂಡಿಬರುತ್ತಿದೆ’ ಎಂದು ಬರೆಯುವವರಿಗೆ ಉತ್ತರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ. ನಿಮಗೆ ಹೇಳುವುದು ಬೇಕಾದಷ್ಟಿದೆ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ, ತೇಗಿನ ಜೊತೆ ಹೊರಬರುತ್ತದೆ. ಅದು ಗಾಳಿಯಲ್ಲಿ ಇರುವುದು ಸುಮಾರು 12 ವರ್ಷವಾದರೂ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 27–28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಭೂಮಿ ಬಿಸಿ ಮಾಡುವ ಅನಿಲಗಳಲ್ಲಿ ಜಾನುವಾರು ಸಾಕಣೆಯ ಪಾಲು ಶೇ 18 ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2006ರಲ್ಲಿ ಹೇಳಿತು. 2013ರಲ್ಲಿ ಶೇ 14.5 ಎಂದಿತು, 2023ರಲ್ಲಿ ಶೇ 12ರ ಆಸುಪಾಸಿಗೆ ಇಳಿಸಿತು. ಯಾವುದನ್ನು ಹಿಡಿದರೂ ಸಣ್ಣ ಪಾಲಲ್ಲ. ನಮ್ಮ ನಾಟಿ ದನ ತಲೆಗೆ ಕಡಿಮೆ ಮೀಥೇನ್ ಬಿಟ್ಟರೂ, ಲೀಟರ್ ಹಾಲಿಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಹೆಚ್ಚೇ ಬಿಡುತ್ತದೆ. ಸರಿಯಾಗಿ ಮೇಯಿಸಿದರೆ ಹುಲ್ಲುಗಾವಲಿನ ಮಣ್ಣೇ ಇದನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ಭಾಷಣ ಮಾಡುವವರಿದ್ದಾರೆ, ಅವರನ್ನೂ ನಾನು ನಂಬುವುದಿಲ್ಲ. ಆಕ್ಸ್‌ಫರ್ಡ್‌ನ ಸಂಶೋಧಕರ ತಂಡವೊಂದು 2017ರಲ್ಲಿ ಲೆಕ್ಕ ಹಾಕಿ, ಒಂದಷ್ಟು ಹೀರಬಹುದು, ಪೂರ್ತಿ ಅಲ್ಲ ಎಂದಿದೆ. ಇಷ್ಟು ನಿಮ್ಮ ಪಾಲಿಗೆ. ಇನ್ನು ನನ್ನ ಸರದಿ.

ಅಮೆಜಾನ್‌ನಿಂದಲೇ ಶುರು ಮಾಡೋಣ. 2022ರ ಗಣತಿಯಲ್ಲಿ ಬ್ರೆಜಿಲ್‌ನ ಜನ 20.3 ಕೋಟಿ, ಅದೇ ವರ್ಷ ಅಲ್ಲಿನ ದನಗಳು 23 ಕೋಟಿ ದಾಟಿದ್ದವು. ಕಡಿದ ಅಮೆಜಾನ್ ಕಾಡಿನ ಬಹುಪಾಲು ಇವತ್ತು ದನ ಮೇಯುವ ಜಾಗ. ಸಾಕ್ಷ್ಯಚಿತ್ರ ನಿಮಗೆ ಇಷ್ಟನ್ನು ತೋರಿಸಿರುತ್ತದೆ, ಜೊತೆಗೆ ಉರಿಯುವ ಮರ, ಹೊಗೆ, ಹಿನ್ನೆಲೆಗೆ ಪಿಟೀಲು. ಆ ದನ ಅಲ್ಲಿಗೆ ಹೇಗೆ ಬಂತು ಎಂಬುದನ್ನು ತೋರಿಸಿತೇ?

1970ರ ದಶಕದಲ್ಲಿ ಬ್ರೆಜಿಲ್ ಆಳುತ್ತಿದ್ದ ಸೇನಾ ಸರ್ಕಾರ ಅಮೆಜಾನನ್ನು ಜನರಿಲ್ಲದ ನೆಲ ಎಂದು ಸಾರಿತು. ಅಲ್ಲಿ ಸಾವಿರಾರು ವರ್ಷಗಳಿಂದ ಬದುಕಿದ್ದ ಮೂಲನಿವಾಸಿಗಳು, ರಬ್ಬರ್ ಹಾಲು ಇಳಿಸುವವರು ಆ ಲೆಕ್ಕಕ್ಕೆ ಬರಲಿಲ್ಲ. ಕಾಡಿನ ನಡುವೆ ಹೆದ್ದಾರಿ ಹಾಕಿತು, ದನ ಸಾಕುವ ದೊಡ್ಡ ರ‍್ಯಾಂಚ್ ಮಾಡುವ ಕಂಪನಿಗಳಿಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಕಾರು ತಯಾರಿಸುವ ಫೋಕ್ಸ್‌ವ್ಯಾಗನ್ ಕೂಡ ಪಾರಾ ರಾಜ್ಯದಲ್ಲಿ ಲಕ್ಷಾಂತರ ಎಕರೆ ಹಿಡಿದು ದನ ಕಟ್ಟಿತು! ಅಲ್ಲಿ ಕೂಲಿಗಳನ್ನು ಜೀತದಾಳುಗಳಂತೆ ದುಡಿಸಿದ್ದಕ್ಕೆ ಬ್ರೆಜಿಲ್‌ನ ಕಾರ್ಮಿಕ ನ್ಯಾಯಾಲಯ 2025ರಲ್ಲಿ 16.5 ಕೋಟಿ ರಿಯಾಲ್ ಪರಿಹಾರ ಕಟ್ಟಲು ಆದೇಶಿಸಿತು. ಕಾರಿನ ಕಂಪನಿಗೆ ದನದ ಮೇಲೇನು ಪ್ರೀತಿ? ಕಾಡು ಕಡಿದು ನಾಲ್ಕು ದನ ಬಿಟ್ಟರೆ ನೆಲ ‘ಬಳಕೆಯಲ್ಲಿದೆ’ ಎಂದಾಗುತ್ತದೆ, ಇವತ್ತಲ್ಲ ನಾಳೆ ಹಕ್ಕುಪತ್ರ ಸಿಗುತ್ತದೆ. ಅಲ್ಲಿ ದನ ಮಾಡುವುದು ಬೇಲಿಯ ಕೆಲಸ. ಮಾಂಸ ಮಾರಿದ್ದು ಮೇಲಿನ ಲಾಭ.

ಇದು ನನ್ನ ತರ್ಕ ಮಾತ್ರವಲ್ಲ. 2004ರಲ್ಲಿ ಬ್ರೆಜಿಲ್ ಪಾಲಿನ ಅಮೆಜಾನ್‌ನಲ್ಲಿ ಒಂದೇ ವರ್ಷ 27,000 ಚದರ ಕಿ.ಮೀ.ಗೂ ಹೆಚ್ಚು ಕಾಡು ಹೋಯಿತು. 2012ರ ಹೊತ್ತಿಗೆ ಅದು 4,600 ಚದರ ಕಿ.ಮೀ.ಗಿಂತ ಕೆಳಗಿಳಿದಿತ್ತು. ಆ ಎಂಟು ವರ್ಷಗಳಲ್ಲಿ ದನಗಳ ಸಂಖ್ಯೆ ಇಳಿಯಲಿಲ್ಲ, ಸ್ವಲ್ಪ ಏರಿತು. ಇಳಿದದ್ದು ಕಳ್ಳತನ. ಉಪಗ್ರಹದ ಕಣ್ಗಾವಲು ಬಂತು, ಅಕ್ರಮವಾಗಿ ಕಡಿದವರಿಗೆ ಬ್ಯಾಂಕ್ ಸಾಲ ನಿಂತಿತು, ಕಸಾಯಿಖಾನೆಗಳ ಮೇಲೆ ಮೊಕದ್ದಮೆ ಬಿತ್ತು. ಸರ್ಕಾರ ಬದಲಾಗಿ ಕಣ್ಗಾವಲು ಸಡಿಲವಾದ ಮೇಲೆ, 2021ರಲ್ಲಿ ಮತ್ತೆ 13,000 ಚದರ ಕಿ.ಮೀ. ಹೋಯಿತು. ಈಗಲೂ ಆಟ ನಡೆದೇ ಇದೆ. ಕಡಿದ ಕಾಡಿನಲ್ಲಿ ಕರು ಹುಟ್ಟುತ್ತದೆ, ಬಲಿಯುವ ಹೊತ್ತಿಗೆ ದಾಖಲೆ ಸರಿಯಿರುವ ಇನ್ನೊಂದು ರ‍್ಯಾಂಚಿಗೆ ಲಾರಿ ಹತ್ತುತ್ತದೆ. ಕಸಾಯಿಖಾನೆಯವನು ಕೇಳುವುದು ಕೊನೆಯ ರ‍್ಯಾಂಚಿನ ಕಾಗದವನ್ನು ಮಾತ್ರ.

ಶಿಕೊ ಮೆಂಡಿಸ್ ಹೆಸರು ಕೇಳಿದ್ದೀರಾ? ಆಕ್ರೆ ರಾಜ್ಯದ ಶಾಪುರಿ ಪಟ್ಟಣದಲ್ಲಿ ರಬ್ಬರ್ ಹಾಲು ಇಳಿಸುತ್ತಿದ್ದವನು, ಅದೇ ಕೆಲಸದವರ ಸಂಘ ಕಟ್ಟಿದವನು. ರ‍್ಯಾಂಚಿನವರು ಮರ ಕಡಿಸಲು ಆಳು ತಂದಾಗ ಹೆಂಗಸರು ಮಕ್ಕಳನ್ನೂ ಕರೆದುಕೊಂಡು ಹೋಗಿ ಎದುರು ನಿಲ್ಲುತ್ತಿದ್ದ. 1988ರ ಡಿಸೆಂಬರ್ 22ರ ಸಂಜೆ, ಸ್ನಾನಕ್ಕೆಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲು ತೆರೆದಾಗ ಗುಂಡು ಬಿತ್ತು. ಹೊಡೆದವನು ರ‍್ಯಾಂಚ್ ಮಾಲೀಕನೊಬ್ಬನ ಮಗ. ಅಮೆಜಾನ್ ವಿಷಯದಲ್ಲಿ ಕಣ್ಣೀರು ಹಾಕುವುದಾದರೆ ಅಲ್ಲಿಂದ ಶುರುವಾಗಬೇಕು, ದನದ ತೇಗಿನಿಂದಲ್ಲ.

ನೀವು ನೋಡಿದ ಚಿತ್ರದಲ್ಲಿ ಬಿಳಿ ಮೈಯ, ಎತ್ತರದ ಡುಬ್ಬದ, ಗಂಗೆದೊಗಲು ಜೋಲುವ ದನಗಳಿದ್ದರೆ, ಅವು ನಮ್ಮ ಕಡೆಯವೇ. ಆಂಧ್ರದ ಓಂಗೋಲ್ ತಳಿ ಹಡಗು ಹತ್ತಿ ಹೋಗಿ ಅಲ್ಲಿ ‘ನೆಲೋರೆ’ ಆಯಿತು, ಇವತ್ತು ಬ್ರೆಜಿಲ್‌ನ ಮಾಂಸದ ದನಗಳಲ್ಲಿ ಅದರದ್ದೇ ಮೇಲುಗೈ. ‘ವಿಯಾಟಿನಾ-19’ ಎಂಬ ನೆಲೋರೆ ಹಸುವಿನ ಬೆಲೆ 2023ರ ಹರಾಜಿನಲ್ಲಿ 40 ಲಕ್ಷ ಡಾಲರ್ ದಾಟಿ ಗಿನ್ನೆಸ್ ದಾಖಲೆಯಾಯಿತು. ಅದೇ ರಕ್ತದ ಎತ್ತು ಗುಂಟೂರು ಸೀಮೆಯಲ್ಲಿ ನೇಗಿಲು ಎಳೆಯಿತು. ಪ್ರಾಣಿ ಒಂದೇ, ಅದನ್ನು ಯಾರ ನೆಲದಲ್ಲಿ, ಯಾರ ಲಾಭಕ್ಕೆ ಬಿಟ್ಟರು ಎಂಬುದು ಬೇರೆ.

ಈಗ ಚಳ್ಳಕೆರೆಗೆ ಬರೋಣ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಇತ್ತು, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ, ದಂಡಿನ ಸಾಮಾನು ಹೊರುವ ದನಗಳಿಗಾಗಿ ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲು ಮೀಸಲಾಗಿತ್ತು. ಬೇಸಿಗೆ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ. ಒಂದು ಮೇಯುವಾಗ ಇನ್ನೆರಡು ಚಿಗುರಬೇಕು. ಸರದಿಯಲ್ಲಿ ಮೇಯಿಸುವುದನ್ನು ಹೊರದೇಶದ ತಜ್ಞರು ಈಗ ತರಬೇತಿ ಶಿಬಿರದಲ್ಲಿ ದುಡ್ಡು ತೆಗೆದುಕೊಂಡು ಕಲಿಸುತ್ತಾರೆ.

ಇದೇ ಚಳ್ಳಕೆರೆ ಸೀಮೆಯ ನಾಯಕನಹಟ್ಟಿಯ ಆಚೆ, ದೇವರ ಎತ್ತುಗಳನ್ನು ಕಾಯುವ ಕಿಲಾರಿಯೊಬ್ಬರ ಜೊತೆ ಹಿಂಗಾರಿನ ದಿನಗಳಲ್ಲಿ ಓಡಾಡಿದ್ದೇನೆ. ಹೆಗಲ ಮೇಲೆ ಕಂಬಳಿ, ಕಾಲಿಗೆ ಟೈರಿನ ಮೆಟ್ಟು. ಹಸಿರಾಗಿ ನಿಂತಿದ್ದ ಒಂದು ದಿಣ್ಣೆಯತ್ತ ಎತ್ತುಗಳು ತಿರುಗಿದಾಗ ನಾಲಿಗೆ ಲೊಟಕ್ಕೆಂದು ಬಡಿದು ವಾಪಸು ಎಳೆದರು. ಅಷ್ಟು ಒಳ್ಳೆ ಹುಲ್ಲು ಇದೆಯಲ್ಲ, ಯಾಕೆ ಎಂದೆ. ಬಗ್ಗಿ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ತೋರಿಸಿದರು. ಬೀಜ ಇನ್ನೂ ಹಾಲುಗಾಳು. ‘ಇದು ಉದುರ್ಲಿ ಸ್ವಾಮಿ, ಆಮ್ಯಾಲೆ ಬಿಡಾನ. ಈಗ ಮೇದ್ರೆ ಬರೋ ವರ್ಷ ಏನ್ ಮೇಯ್ತವೆ?’ ಅವರ ಕಾಲ ಬುಡದಲ್ಲೇ ಸೆಗಣಿ ಹುಳವೊಂದು ಉಂಡೆ ಉರುಳಿಸಿಕೊಂಡು ಹೋಗುತ್ತಿತ್ತು. ಕೃಷ್ಣಮೃಗ, ತೋಳ, ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಇವೆಲ್ಲ ಬದುಕಿದ್ದು ಇಂಥ ಬಯಲಿನಲ್ಲಿ, ದನಕುರಿಗಳ ಜೊತೆಯಲ್ಲೇ.

ಆ ಬಯಲಿಗೆ ಏನಾಯಿತು? ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ಬಾಹ್ಯಾಕಾಶಕ್ಕೆ, ವಿಜ್ಞಾನ ಸಂಸ್ಥೆಗೆ ಹಂಚಿದರು. ಸುತ್ತಲಿನ ಹಳ್ಳಿಗಳವರಿಗೆ ಗೊತ್ತಾದದ್ದು ಗೋಡೆ ಏಳತೊಡಗಿದ ಮೇಲೆ. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು, ಷರತ್ತುಗಳು ಬಂದವು, ಗೋಡೆ ಉಳಿಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಬ್ರೆಜಿಲ್‌ನ ಸೇನಾಧಿಕಾರಿಗಳು ಅಮೆಜಾನನ್ನು ನೋಡಿದ ಕಣ್ಣೇ ಇದು: ಇಲ್ಲಿ ಯಾರೂ ಇಲ್ಲ, ಏನೂ ಇಲ್ಲ. ಅಲ್ಲಿ ದನವನ್ನು ಒಳಗೆ ಬಿಟ್ಟು ನೆಲ ಹಿಡಿದರು, ಇಲ್ಲಿ ದನವನ್ನು ಹೊರಗಟ್ಟಿ ಹಿಡಿದರು. ಅಮ್ಮಾ, ನೀವು ಈ ಎರಡನ್ನೂ ಒಂದೇ ಖಾತೆಗೆ ಬರೆದು ದನದ ಕೊರಳಿಗೆ ಕಟ್ಟಿದ್ದೀರಿ.

ಮರ ನೆಡಿ ಎಂದಿದ್ದೀರಿ. ರಾಣೆಬೆನ್ನೂರಿಗೆ ಹೋಗಿ ನೋಡಿ. 119 ಚದರ ಕಿ.ಮೀ.ಯ ಕೃಷ್ಣಮೃಗ ಧಾಮ, ಬಹುಭಾಗದಲ್ಲಿ ನೀಲಗಿರಿ ಸಾಲು. ಬಯಲು ಬೇಕಾದ ಎರೆಭೂತ ಅಲ್ಲಿಂದ ಮಾಯವಾಯಿತು. ಈಗ ರಾಜ್ಯದಲ್ಲಿ ಅದು ಬೆರಳೆಣಿಕೆಯಷ್ಟು ಉಳಿದಿರುವುದು ಬಳ್ಳಾರಿಯ ಸಿರುಗುಪ್ಪದ ಕಡೆ. ಜೂನ್ ಬಂತೆಂದರೆ ಸಾಕು, ನಮ್ಮಲ್ಲಿ ಮಂತ್ರಿಯಿಂದ ಹಿಡಿದು ಕಂಪನಿಯ ನೌಕರರವರೆಗೆ ಎಲ್ಲರೂ ಗುಂಡಿ ತೋಡಲು ಹೊರಡುತ್ತಾರೆ. ಹುಲ್ಲು ಇರುವ ಕಡೆ ಗಿಡ ಇಲ್ಲವಲ್ಲ ಎಂಬುದೇ ಅವರ ಕೊರಗು. ಇಂಥ ಒಂದು ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ಗೋಮಾಳದಲ್ಲಿ ನೆಟ್ಟ ಸಸಿಗಳಿಗೆ ಬೇಲಿ ಹಾಕಿದ್ದರು. ಬೇಲಿಯಾಚೆ ನಿಂತಿದ್ದ ಕುರಿಗಾಹಿ ಹುಡುಗನಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಫೋಟೊ ತೆಗೆಸಿಕೊಂಡರು. ಭಾಷಣ ಮಾಡಲು ನನಗೆ ಮನಸ್ಸಾಗಲಿಲ್ಲ.

ದನದಿಂದ ಕಾಡಿಗೆ ತೊಂದರೆಯೇ ಇಲ್ಲವೇ? ಇದೆ. ಬಂಡೀಪುರದ ಅಂಚಿನ ಹಂಗಳದ ಕಡೆ ಮೇಯುವ ದನಗಳ ಬಗ್ಗೆ ಒಂದು ಅಧ್ಯಯನ 2005ರಲ್ಲಿ ಬಂದಿತ್ತು. ಬೇಡದ ದನವನ್ನೂ ಜನ ಯಾಕೆ ಸಾಕುತ್ತಾರೆ ಎಂದು ಬೆನ್ನುಹತ್ತಿ ಹೋದರೆ ಸಿಕ್ಕಿದ್ದು ಸೆಗಣಿ ವ್ಯಾಪಾರ. ಕಾಫಿಗೆ ಬೆಲೆ ಏರಿದಾಗ ತೋಟದವರು ಲಾರಿ ಲಾರಿ ಸೆಗಣಿ ಗೊಬ್ಬರ ಕೊಂಡರು. ಸೆಗಣಿಗೆ ದುಡ್ಡು ಬಂದದ್ದರಿಂದ ದನ ಹೆಚ್ಚಿದವು, ಅವು ಹುಲಿಯ ಕಾಡಿನಲ್ಲಿ ಮೇಯ್ದವು. ಆ ಬೆಲೆ ಏರಿದ್ದು ಯಾಕೆ? 1994ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದೂ ಅದಕ್ಕೊಂದು ಕಾರಣ. ಬೆಳಿಗ್ಗೆ ಫಿಲ್ಟರ್ ಕಾಫಿ ಹೀರುತ್ತಾ ದನಗಾಹಿಯನ್ನು ಬೈಯುವಾಗ ಇದನ್ನೂ ನೆನಪಿಸಿಕೊಳ್ಳಬೇಕು.

‘ನಾನು ಮಾಂಸ ತಿನ್ನುವವಳಲ್ಲ’ ಎಂದಿದ್ದೀರಿ. ಸಂತೋಷ. ಹಾಲು, ಮೊಸರು, ಪನೀರ್? ನಮ್ಮ ದೇಶದಲ್ಲಿ ಮಾಂಸಕ್ಕೆಂದೇ ದನ ಬೆಳೆಸುವ ಬ್ರೆಜಿಲ್ ಮಾದರಿ ರ‍್ಯಾಂಚ್ ಇಲ್ಲವೆಂದೇ ಹೇಳಬೇಕು. ಇಲ್ಲಿಂದ ರಫ್ತಾಗುವುದು ಎಮ್ಮೆ ಕೋಣದ ಮಾಂಸ, ಅದು ಹಾಲಿನ ಉದ್ಯಮದ ಬೆನ್ನಿಗೇ ಬಂದದ್ದು: ಬತ್ತಿದ ಎಮ್ಮೆ, ಯಾರಿಗೂ ಬೇಡದ ಗಂಡುಕರು. ರಾಜಕೀಯಕ್ಕೆ ಇಳಿಯಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. 2020ರ ಕಾಯ್ದೆಯ ಪ್ರಕಾರ ರಾಜ್ಯದಲ್ಲಿ ಹಸು, ಎತ್ತು ಎಷ್ಟೇ ಮುದಿಯಾದರೂ ಕಡಿಯುವಂತಿಲ್ಲ, ಎಮ್ಮೆಗೆ 13 ವರ್ಷ ದಾಟಿರಬೇಕು. ಮುದಿ ಎತ್ತು ಮಾರಿ ಹೊಸದಕ್ಕೆ ದುಡ್ಡು ಹೊಂದಿಸುತ್ತಿದ್ದ ರೈತ ಸಂತೆಯಲ್ಲಿ ಬರಿಗೈಯಲ್ಲಿ ನಿಂತ. ಗೋಪೂಜೆಯ ದಿನ ಟೀವಿಯಲ್ಲಿ ಹಸುವಿಗೆ ಬಾಳೆಹಣ್ಣು ತಿನ್ನಿಸುವವರು ಗೋಮಾಳ ಒತ್ತುವರಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ದನವನ್ನು ಪೂಜಿಸುವವರಿಗೂ, ದನವೇ ಭೂಮಿಯ ಶತ್ರು ಎನ್ನುವವರಿಗೂ ಅದರ ಹಿಂದೆ ಬಿಸಿಲಲ್ಲಿ ನಡೆಯುವ ಮನುಷ್ಯ ಮಾತ್ರ ಕಾಣಿಸುವುದಿಲ್ಲ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಎಂದು ಘೋಷಿಸಿದೆ. ವಿಧಾನಸೌಧಕ್ಕೆ ಈ ಸುದ್ದಿ ಮುಟ್ಟಿದೆಯೋ ಇಲ್ಲವೋ.

ಪತ್ರದ ಕೆಳಗೆ, ತವರು ತುರುವೇಕೆರೆ ಹತ್ತಿರದ ಹಳ್ಳಿ ಎಂದು ಸಣ್ಣಗೆ ಬರೆದಿದ್ದೀರಿ. ಅದಕ್ಕೇ ನಿಮಗೊಂದು ಕೆಲಸ ಹಚ್ಚುತ್ತೇನೆ. ಭೂಕಂದಾಯ ನಿಯಮದಲ್ಲಿ ಪ್ರತಿ 100 ದನಕ್ಕೆ 30 ಎಕರೆ ಗೋಮಾಳ ಇರಬೇಕೆಂದಿದೆ. ನಿಮ್ಮೂರಿನ ಗೋಮಾಳದ ಸರ್ವೆ ನಂಬರು ಹುಡುಕಿ, ಪಹಣಿ ತೆಗೆಸಿ. ಎಷ್ಟು ಎಕರೆ ಇತ್ತು, ಈಗ ಯಾರ ಯಾರ ಹೆಸರಿಗೆ ಹೋಗಿದೆ, ಊರಲ್ಲಿ ದನ ಎಷ್ಟು ಉಳಿದಿವೆ ಎಂದು ನೋಡಿ ಬರೆದು ಕಳಿಸಿ. ಎಷ್ಟು ಪುಟ ಬೇಕಾದರೂ ಆಗಲಿ, ಹೆಸರು ಹಾಕುವುದು ಬಿಡುವುದು ನಿಮ್ಮಿಷ್ಟ. ತಿಂಗಳ 15ರೊಳಗೆ ನಮಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ.